ಒಕ್ಕದ ಹಾಕಿಗೆ ಕ್ಯಾಮ್‌ಕಾರ್ಡರ್: ಎರಡು ಜೊತೆ ಸೆಟ್ಟಿಂಗ್ ಸಾಕು

ಬೇಸಿಗೆ ಬಂದರೆ ಕೊಡಗಿನ ಕಡೆಯಿಂದ ಒಂದೇ ಪ್ರಶ್ನೆ ಬರುತ್ತದೆ. 'ಈ ಸಲ ನಮ್ಮ ಒಕ್ಕದ ತಂಡ ಆಡ್ತಿದೆ. ಒಂದು ಡಾಕ್ಯುಮೆಂಟರಿ ಮಾಡೋಣ ಅಂತಿದ್ದೀವಿ. 4ಕೆನಾ, ಎಚ್‌ಡಿನಾ?'

ಗೊತ್ತಿಲ್ಲದವರಿಗೆ ಎರಡು ಮಾತು. ಒಕ್ಕ ಅಂದರೆ ಕೊಡವರ ಮನೆತನ. ಕೊಡವರ ಕೌಟುಂಬಿಕ ಹಾಕಿಯನ್ನು 1997ರಲ್ಲಿ ಪಾಂಡಂಡ ಕುಟ್ಟಪ್ಪ ಅವರು ಕರಡದಲ್ಲಿ ಶುರು ಮಾಡಿದರು. ಆಗ 60 ತಂಡಗಳಿದ್ದವು. 2024ರಲ್ಲಿ ನಾಪೋಕ್ಲಿನಲ್ಲಿ 360 ತಂಡಗಳು ಸೇರಿದ್ದವು. ಒಂದು ಮನೆತನಕ್ಕೆ ಒಂದು ತಂಡ, ಗಂಡಸರು ಹೆಂಗಸರು ಒಟ್ಟಿಗೇ ಆಡುತ್ತಾರೆ. ಇಂಥದ್ದನ್ನು ಚಿತ್ರೀಕರಿಸುವವರು ಟಿವಿಯವರ ಹಾಗೆ ಚೆಂಡಿನ ಹಿಂದೆಯೇ ಓಡುತ್ತಾರೆ. ಸ್ಕೋರು ನಾಲ್ಕು ವರ್ಷಕ್ಕೆ ಮರೆತುಹೋಗುತ್ತದೆ. ಗೆರೆಯ ಈಚೆ ನಿಂತು ಮೊಮ್ಮಗಳಿಗೆ ಬೈಯುತ್ತಿದ್ದ ಅಜ್ಜಿಯನ್ನು ಆಮೇಲೂ ಎಲ್ಲರೂ ನೋಡುತ್ತಾರೆ. ಅದಕ್ಕೇ ನಾನು ಹೇಳೋದು, ಮೈದಾನಕ್ಕೆ ಒಂದು ಸೆಟ್ಟಿಂಗ್, ಜನಕ್ಕೆ ಇನ್ನೊಂದು.

ಮೈದಾನಕ್ಕೆ ಎಚ್‌ಡಿ, 50ಪಿ, ಅಂದರೆ ಸೆಕೆಂಡಿಗೆ 50 ಫ್ರೇಮ್ (ಬಿಡಿ ಚಿತ್ರ). ಸೋನಿ ಎಎಕ್ಸ್53 ಇರಲಿ, ಎಎಕ್ಸ್700 ಇರಲಿ, ನಮ್ಮ ಪಾಲ್ ಪದ್ಧತಿಯಲ್ಲಿ (25, 50 ಫ್ರೇಮ್‌ಗಳ ಲೆಕ್ಕ) 4ಕೆ ಎಂದರೆ ಸೆಕೆಂಡಿಗೆ 25 ಫ್ರೇಮ್. ಪೆನಾಲ್ಟಿ ಕಾರ್ನರ್‌ನ ಹೊಡೆತಕ್ಕೆ ಅಷ್ಟು ಸಾಲದು, ಚೆಂಡು ಹಾರಿ ಹಾರಿ ಹೋದಂತೆ ಕಾಣುತ್ತದೆ. 50 ಫ್ರೇಮ್ ಇದ್ದರೆ ಓಟ ನುಣುಪಾಗಿರುತ್ತದೆ. ಎಡಿಟಿಂಗ್‌ನಲ್ಲಿ 25ಕ್ಕೆ ಹಾಕಿದರೆ ಅರ್ಧ ವೇಗದ ಸ್ಲೋ ಮೋಷನ್ ಪುಕ್ಕಟೆ. ಷಟರ್, ಅಂದರೆ ಒಂದೊಂದು ಫ್ರೇಮ್ ಬೆಳಕು ಹಿಡಿಯುವ ಹೊತ್ತು, 1/250 ಸೆಕೆಂಡಿಗೆ ಇಡಿ. 1/50ರಲ್ಲಿ ಚೆಂಡು ಬರೀ ಬಿಳಿ ಗೀಟು. 1/1000ಕ್ಕೆ ಹೋದರೆ ಕಾಲುಗಳು ಜರ್ಕ್ ಹೊಡೆದಂತೆ ಕಾಣುತ್ತವೆ. ಟ್ರೈಪಾಡ್ ಮೇಲೆ ಇದ್ದಾಗ ಸ್ಟೆಬಿಲೈಸರ್ ಆಫ್ ಮಾಡಿ, ಇಲ್ಲದಿದ್ದರೆ ಕ್ಯಾಮೆರಾ ತಿರುಗಿಸಿ ನಿಲ್ಲಿಸಿದ ಮೇಲೂ ಚಿತ್ರ ಸ್ವಲ್ಪ ತೇಲುತ್ತದೆ. ಡಿಜಿಟಲ್ ಜೂಮ್ ಯಾವತ್ತೂ ಬೇಡ.

ಜನಕ್ಕೆ 4ಕೆ, 25ಪಿ, ಷಟರ್ 1/50. ಏಪ್ರಿಲ್ ಬಿಸಿಲಿಗೆ ಇದು ತೀರಾ ನಿಧಾನದ ಷಟರ್, ಬೆಳಕು ತಗ್ಗಿಸುವ ಎನ್‌ಡಿ ಫಿಲ್ಟರ್ ಬೇಕೇ ಬೇಕು. ಐನ್‌ಮನೆಯ (ಒಕ್ಕದ ಮೂಲ ಮನೆಯ) ಜಗುಲಿಯಲ್ಲಿ ಹಿರಿಯರನ್ನು ಮಾತಾಡಿಸಿದರೆ ಆ 4ಕೆ ಲಾಭ ಗೊತ್ತಾಗುತ್ತದೆ. ಸಿನಿಮಾ ಎಚ್‌ಡಿಯಲ್ಲಿ ಮುಗಿಸುವುದಾದರೆ ಅದೇ ಶಾಟಿನಿಂದ ಮುಖದ ಕ್ಲೋಸಪ್ಪನ್ನೂ ಕತ್ತರಿಸಿಕೊಳ್ಳಬಹುದು. ಒಳಗೆ ಕತ್ತಲು ಜಾಸ್ತಿ. ಐರಿಸ್ (ಲೆನ್ಸಿನೊಳಗೆ ಬೆಳಕು ಬಿಡುವ ಕಿಂಡಿ) ಪೂರ್ತಿ ತೆರೆದು, ಗೇನ್ (ಕ್ಯಾಮೆರಾ ತಾನೇ ಚಿತ್ರದ ಬೆಳಕು ಏರಿಸುವುದು) 12 ಡಿಬಿಗೆ ನಿಲ್ಲಿಸಿ. ಅದಕ್ಕೂ ಸಾಲದಿದ್ದರೆ ಅಜ್ಜನವರನ್ನೇ ಕಿಟಕಿ ಹತ್ತಿರ ಕೂರಿಸಿ.

25, 50 ಅಂತ ಯಾಕೆ ಒತ್ತಿ ಹೇಳುತ್ತಿದ್ದೇನೆಂದರೆ, ನಮ್ಮ ಕರೆಂಟು 50 ಹರ್ಟ್ಸ್. ಅಮೆರಿಕದಿಂದ ಭಾವನವರು ತಂದುಕೊಟ್ಟ ಕ್ಯಾಮೆರಾ 30, 60ರ ಲೆಕ್ಕದಲ್ಲಿ ಓಡುತ್ತದೆ. ಟ್ಯೂಬ್‌ಲೈಟ್ ಕೆಳಗೆ 1/60 ಷಟರ್ ಇಟ್ಟರೆ ಚಿತ್ರ ಮಿಣಮಿಣ ಅನ್ನುತ್ತದೆ. ಷಟರನ್ನು 1/50ಕ್ಕೋ 1/100ಕ್ಕೋ ತಂದರೆ ಬಹುಪಾಲು ಸರಿಹೋಗುತ್ತದೆ. ಮಕ್ಕಳು ಮೊಬೈಲಿನಲ್ಲಿ ತೆಗೆದದ್ದೂ ಸಾಮಾನ್ಯವಾಗಿ 30 ಫ್ರೇಮ್, 25ರ ಟೈಮ್‌ಲೈನಿಗೆ ಹಾಕಿದರೆ ಅಲ್ಲಲ್ಲಿ ತಡವರಿಸುತ್ತದೆ. ಐಫೋನಿನ ಕ್ಯಾಮೆರಾ ಸೆಟ್ಟಿಂಗ್‌ನಲ್ಲಿ ಪಾಲ್ ಆಯ್ಕೆ ಇದೆ. ಮೊದಲೇ ಹೇಳಿ ಆನ್ ಮಾಡಿಸಿ.

ಇನ್ನು ಎಕ್ಸ್‌ಪೋಷರ್, ಅಂದರೆ ಬೆಳಕಿನ ಪ್ರಮಾಣ. ಉದ್ಘಾಟನೆಯ ದಿನ ಹಿರಿಯರು ಕಪ್ಪು ಕುಪ್ಯ (ಕೊಡವರ ನಿಲುವಂಗಿ) ತೊಟ್ಟು, ಕೆಂಪು ಚೇಲೆ (ಸೊಂಟದ ಪಟ್ಟಿ) ಕಟ್ಟಿ ಸಾಲಾಗಿ ನಿಂತಿರುತ್ತಾರೆ. ಅಷ್ಟೊಂದು ಕಪ್ಪು ಕಂಡ ತಕ್ಷಣ ಆಟೋ ಮೋಡಿನ ಕ್ಯಾಮೆರಾ 'ಕತ್ತಲಾಯ್ತು' ಅಂದುಕೊಂಡು ಬೆಳಕು ಏರಿಸುತ್ತದೆ. ಕುಪ್ಯ ಬೂದಿ ಬಣ್ಣಕ್ಕೆ ತಿರುಗುತ್ತದೆ, ಮುಖ ಸುಟ್ಟು ಬಿಳುಚುತ್ತದೆ, ಸೊಂಟದ ಪೀಚೆಕತ್ತಿಯ ಬೆಳ್ಳಿ ಕೆಲಸ ಬರೀ ಹೊಳಪಾಗಿಬಿಡುತ್ತದೆ. ಅಲ್ಲಿ ಮ್ಯಾನ್ಯುವಲ್‌ಗೆ ಬನ್ನಿ. ಜೀಬ್ರಾ (ಬೆಳಕು ಜಾಸ್ತಿ ಇರುವ ಕಡೆ ಪರದೆಯ ಮೇಲೆ ಓರೆ ಗೆರೆ ತೋರಿಸುವ ಸೌಲಭ್ಯ) 70ಕ್ಕೆ ಇಟ್ಟು, ಹಣೆ, ಕೆನ್ನೆಯ ಮೇಲೆ ಗೆರೆ ಆಗತಾನೇ ಮೂಡುವಷ್ಟಕ್ಕೆ ಐರಿಸ್ ನಿಲ್ಲಿಸಿ. ಕಪ್ಪು ಕಪ್ಪಾಗಿಯೇ ಉಳಿಯುತ್ತದೆ. ಬಣ್ಣ ಸರಿಹೊಂದಿಸುವ ವೈಟ್ ಬ್ಯಾಲೆನ್ಸ್ ಕೂಡ ಬಿಸಿಲಿಗೆ ಲಾಕ್ ಮಾಡಿ. ಆಟೋದಲ್ಲಿ ಬಿಟ್ಟರೆ ಕೆಂಪು ಮಣ್ಣಿನಿಂದ ಹಸಿರು ಮರಗಳ ಕಡೆ ತಿರುಗುವಷ್ಟರಲ್ಲಿ ಒಂದೇ ಶಾಟಿನಲ್ಲಿ ಜೆರ್ಸಿಯ ಬಣ್ಣ ಬದಲಾಗಬಹುದು.

ಫೋಕಸ್ ಬಗ್ಗೆ ಜಾಸ್ತಿ ಹೇಳಬೇಕಿಲ್ಲ. ದೂರದ ವೈಡ್ ಶಾಟಿಗೆ ಆಟೋ ಸಾಕು. ಗೋಲ್ ಹಿಂದೆ ನಿಂತರೆ ಮಾತ್ರ ಮ್ಯಾನ್ಯುವಲ್, ಇಲ್ಲದಿದ್ದರೆ ಅದು ಬಲೆಯನ್ನೇ ಹಿಡಿದುಕೊಳ್ಳುತ್ತದೆ.

ಕಾರ್ಡಿನ ಲೆಕ್ಕ: 100 ಎಂಬಿಪಿಎಸ್‌ನ (ಸೆಕೆಂಡಿಗೆ 100 ಮೆಗಾಬಿಟ್) 4ಕೆ ಗಂಟೆಗೆ 45 ಜಿಬಿ ನುಂಗುತ್ತದೆ, 50 ಎಂಬಿಪಿಎಸ್‌ನ ಎಚ್‌ಡಿ ಅದರ ಅರ್ಧ. ಕೊಳ್ಳುವಾಗ ಕಾರ್ಡಿನ ವೇಗ ಹೇಳುವ ಯು3 ಗುರುತು ನೋಡಿ.

ಇಷ್ಟೆಲ್ಲ ಮಾಡಿ ಧ್ವನಿಯನ್ನು ಆಟೋಗೆ ಬಿಡುವವರೇ ಜಾಸ್ತಿ. ಗೋಲ್ ಬಿದ್ದಾಗ ಜನ ಕೂಗುತ್ತಾರಲ್ಲ, ಆಟೋ ಲೆವೆಲ್ ತಕ್ಷಣ ಸದ್ದು ಇಳಿಸುತ್ತದೆ. ಎಲ್ಲರೂ ಸುಮ್ಮನಾದ ಮೇಲೆ ಗಾಳಿಯ ಭೋರ್ ಸದ್ದು ಮೆಲ್ಲಗೆ ಏರಿ ಬರುತ್ತದೆ. ಮ್ಯಾನ್ಯುವಲ್‌ಗೆ ಹಾಕಿ ಮಾತು -12 ಡಿಬಿ ಸುತ್ತ, ಕೂಗು -6 ಮೀರದ ಹಾಗೆ ಇಡಿ. ಕಾಮೆಂಟರಿಯ ಲೌಡ್‌ಸ್ಪೀಕರ್‌ನಿಂದ ದೂರ ನಿಲ್ಲಿ. ಮೈಕಿಗೆ ತುಪ್ಪಳದ ಗವಸು ಇರಲಿ, ತಗ್ಗು ಸದ್ದನ್ನು ಕತ್ತರಿಸುವ ಲೋ ಕಟ್ ಆನ್ ಇರಲಿ. ವಾಲಗ ಶುರುವಾದ ಕೂಡಲೇ ಆ ಲೋ ಕಟ್ ತೆಗೆದುಬಿಡಿ. ಇಲ್ಲವಾದರೆ ಡೋಲಿನ ಗುಮ್ಮು ಪೂರ್ತಿ ಹೋಗಿ ಬರೀ ವಾಲಗದ ಪೀಪಿ ಉಳಿಯುತ್ತದೆ. ಅದಕ್ಕೆ ಯಾರೂ ಕುಣಿಯಲ್ಲ.