ಬದಿಯಡ್ಕದ ಒತ್ತು ಕತ್ತರಿಸಿದ್ದು ಡಿಸೈನರೋ, ಡೆವಲಪರೋ?

ಕಾಸರಗೋಡಿನವರ ಫೋನಿನಲ್ಲಿ ಒಂದೇ ಆ್ಯಪ್ ಮೂರು ಲಿಪಿಗಳಲ್ಲಿ ತೆರೆದುಕೊಳ್ಳುವುದುಂಟು. ಇಂಗ್ಲಿಷಿನಲ್ಲಿ ನೋಡಿದರೆ ಎಲ್ಲ ಸರಿಯಾಗಿಯೇ ಇರುತ್ತದೆ. ಮಲಯಾಳಕ್ಕೆ ಬದಲಿಸಿದರೆ ಬಟನ್ನಿನ ಪದ ಉದ್ದವಾಗಿ ಎರಡನೇ ಸಾಲಿಗೆ ಇಳಿಯುತ್ತದೆ. ಕನ್ನಡಕ್ಕೆ ಬದಲಿಸಿದರೆ (ಆ ಆಯ್ಕೆ ಇದ್ದರೆ ಅನ್ನಿ) ಬದಿಯಡ್ಕ ಎಂಬ ಊರ ಹೆಸರಿನ ಕ-ಒತ್ತು ಅರ್ಧಕ್ಕೇ ಕತ್ತರಿಸಿ ಹೋಗಿರುತ್ತದೆ. ಉಪ್ಪಳ, ಮುಳ್ಳೇರಿಯಗಳ ಗತಿಯೂ ಅದೇ. ಕುಂಬಳೆ ಮಾತ್ರ ಪಾರು, ಅದರಲ್ಲಿ ಒತ್ತಕ್ಷರವೇ ಇಲ್ಲವಲ್ಲ.

ಇದನ್ನು ಮಾಡಿದ್ದು ಯಾರು ಅಂತ ಕೇಳಿ ನೋಡಿ. ಪರದೆ ಹೇಗೆ ಕಾಣಬೇಕು ಅಂತ ಬಿಡಿಸುವ ಡಿಸೈನರ್ ತನ್ನ ಫೈಲ್ ತೆರೆದು ತೋರಿಸುತ್ತಾರೆ. ಅದರಲ್ಲಿ ಯಾವ ಅಕ್ಷರವೂ ಕತ್ತರಿಸಿಲ್ಲ. ಅದನ್ನು ಆ್ಯಪ್ ಆಗಿ ಕಟ್ಟುವ ಡೆವಲಪರ್ ಕೋಡ್ ತೋರಿಸುತ್ತಾರೆ. ಅದರಲ್ಲಿ ಫೈಲಿನಲ್ಲಿದ್ದ ಅಳತೆಯೇ ಇದೆ. ಇಬ್ಬರೂ ಹೇಳುವುದು ನಿಜ. ತಪ್ಪು ಉಳಿದುಕೊಂಡದ್ದು ಇಬ್ಬರ ನಡುವಿನ ಜಾಗದಲ್ಲಿ.

ಈ ಜಾಗವನ್ನು ಮುಚ್ಚುತ್ತೇವೆ ಅಂತ ಹೊರಟ ಉಪಕರಣಗಳಿಗೆ, ಪದ್ಧತಿಗಳಿಗೆ, ಹುದ್ದೆಗಳಿಗೆ ಈಗ ಲೆಕ್ಕವಿಲ್ಲ. ಹ್ಯಾಂಡ್ಆಫ್ (ಡಿಸೈನ್ ಫೈಲನ್ನು ಡೆವಲಪರ್ ಕೈಗೆ ಒಪ್ಪಿಸುವುದು), ಡಿಸೈನ್ ಸಿಸ್ಟಮ್, ಟೋಕನ್, ಡೆವ್ ಮೋಡ್, ಡಿಸೈನ್ ಎಂಜಿನಿಯರ್ ಅಂತ ಹೊಸ ಪದಗಳು ಬರುತ್ತಲೇ ಇವೆ. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಯಾವುದು ಯಾತಕ್ಕೆ ಬಂತು ಅಂತ ತಿಳಿಯುವುದಿಲ್ಲ. ಹಾಗಾಗಿ ಸ್ವಲ್ಪ ಹಿಂದೆ ಹೋಗಿ ನೋಡುವುದು ಒಳ್ಳೆಯದು.

ಆರಂಭದಲ್ಲಿ ಇವು ಎರಡು ಕೆಲಸಗಳೇ ಆಗಿರಲಿಲ್ಲ. ಪ್ರೋಗ್ರಾಂ ಬರೆದವರೇ ಪರದೆಯಲ್ಲಿ ಏನು ಕಾಣಬೇಕು ಅಂತಲೂ ತೀರ್ಮಾನಿಸುತ್ತಿದ್ದರು. 1984ರಲ್ಲಿ ಆ್ಯಪಲ್ ಮ್ಯಾಕಿಂಟಾಷ್ ಬಂತು. ಅದರ ಐಕಾನುಗಳನ್ನು ಬಿಡಿಸಿದ್ದು ಸೂಸನ್ ಕೇರ್ ಎಂಬ ಕಲಾವಿದೆ, ಮೊದಮೊದಲು ಚೌಕುಳಿ ಕಾಗದದ ಮೇಲೆ. ಅದೇ ತಂಡದ ಪ್ರೋಗ್ರಾಮರ್ ಆ್ಯಂಡಿ ಹರ್ಟ್ಸ್‌ಫೆಲ್ಡ್ ಐಕಾನ್ ಬಿಡಿಸಲು ಅವರಿಗಾಗಿ ಒಂದು ಪುಟ್ಟ ಸಾಫ್ಟ್‌ವೇರ್ ಬರೆದುಕೊಟ್ಟರು. ಕೆಲಸ ಇಬ್ಬರದಾಗಿದ್ದರೂ ನಡುವೆ ಗೋಡೆ ಇರಲಿಲ್ಲ. ಪ್ರೋಗ್ರಾಂ ಕಟ್ಟುವ ಉಪಕರಣವಾದ 1991ರ ವಿಷುವಲ್ ಬೇಸಿಕ್‌ನಲ್ಲೂ ಅಷ್ಟೇ. ಬಟನ್ನನ್ನು ಎಳೆದು ತಂದು ಇಡಬೇಕು, ಅದರ ಮೇಲೆ ಎರಡು ಬಾರಿ ಒತ್ತಿದರೆ ಹಿಂದಿನ ಕೋಡ್ ತೆರೆದುಕೊಳ್ಳುತ್ತಿತ್ತು. ನೋಡಲು ಅಂಥ ಚಂದವೇನಿರಲಿಲ್ಲ. ಆದರೆ ಚಿತ್ರ ಬೇರೆ ಕಡೆ, ಕೆಲಸ ಮಾಡುವ ಪರದೆ ಬೇರೆ ಕಡೆ ಅಂತ ಇರಲಿಲ್ಲ.

ಗೋಡೆ ಎದ್ದದ್ದು ವೆಬ್ ಬಂದ ಮೇಲೆ. ಎಚ್‌ಟಿಎಂಎಲ್ ಎಂಬ ವೆಬ್ ಪುಟ ಬರೆಯುವ ಭಾಷೆ ಹುಟ್ಟಿದ್ದು ಲೇಖನ, ವರದಿಗಳನ್ನು ಹಂಚಿಕೊಳ್ಳುವುದಕ್ಕೆ. ಪುಟದ ಅಂದಕ್ಕೆ ಬೇರೆ ವ್ಯವಸ್ಥೆ ಬೇಕು ಅಂತ ಹೋಕನ್ ವಿಯುಮ್ ಲೀ 1994ರಲ್ಲಿ ಸಿಎಸ್‌ಎಸ್ ಪ್ರಸ್ತಾಪ ಮಾಡಿದರು. 1996ರಲ್ಲಿ ಅದು ಮಾನದಂಡವೂ ಆಯಿತು. ಆದರೆ ಬ್ರೌಸರುಗಳು ಅದನ್ನು ಸರಿಯಾಗಿ ಪಾಲಿಸಲು ವರ್ಷಗಳೇ ಹಿಡಿದವು. ಕಂಪನಿಗಳಿಗೆ ಕಾಯುವ ತಾಳ್ಮೆ ಇರಲಿಲ್ಲ, ಅವಕ್ಕೆ ಬೇಕಿದ್ದದ್ದು ಪತ್ರಿಕೆಯ ಜಾಹೀರಾತಿನಂಥ ಪುಟ. ಸಿಕ್ಕಿದ ಉಪಕರಣ ಫೋಟೋಶಾಪ್. 1990ರಲ್ಲಿ ಫೋಟೋ ತಿದ್ದಲೆಂದು ಬಂದ ಸಾಫ್ಟ್‌ವೇರಿನಲ್ಲಿ ಜನ ವೆಬ್ ಪುಟ ಬಿಡಿಸತೊಡಗಿದರು. 1999ರಲ್ಲಿ ಫೋಟೋಶಾಪ್ 5.5 ಬರುವಾಗ ಜೊತೆಗೆ ಇಮೇಜ್‌ರೆಡಿಯೂ ಬಂತು. ಚಿತ್ರವನ್ನು ತುಂಡು ಮಾಡಿ ಎಚ್‌ಟಿಎಂಎಲ್ ಕೋಷ್ಟಕದಲ್ಲಿ ಜೋಡಿಸುವ ಕೆಲಸ ಅದರಿಂದ ಸುಲಭವಾಯಿತು. ಈ ತುಂಡು ಮಾಡುವ ಕೆಲಸಕ್ಕೆ ಸ್ಲೈಸಿಂಗ್ ಅನ್ನುತ್ತಿದ್ದರು. ನಾನು ಈ ಕಸುಬಿಗೆ ಬಂದದ್ದೂ ಅದರ ಮೂಲಕವೇ.

ಇಲ್ಲಿ ಕಾಸರಗೋಡಿನ ಕತೆ ಸ್ವಲ್ಪ ಬೇರೆ. ನಮ್ಮಲ್ಲಿ ಡಿಸೈನರ್ ಆದವರಲ್ಲಿ ಹೆಚ್ಚಿನವರು ಡಿಟಿಪಿ ಅಂಗಡಿಗಳಲ್ಲಿ ಕೈ ಪಳಗಿಸಿದವರು. ಬ್ರಹ್ಮಕಲಶದ ಆಮಂತ್ರಣ, ಯಕ್ಷಗಾನದ ಕರಪತ್ರ, ನೇಮದ ನೋಟಿಸು, ಮದುವೆ ಕಾಗದ, ಚುನಾವಣೆಯ ಫ್ಲೆಕ್ಸ್. ಪೇಜ್‌ಮೇಕರ್, ಕೋರಲ್‌ಡ್ರಾ ಅವರಿಗೆ ನೀರು ಕುಡಿದಷ್ಟು ಸುಲಭ. ಟೈಪ್ ಮಾಡಲು ಕನ್ನಡಕ್ಕೆ ನುಡಿ ಅಥವಾ ಬರಹ, ಮಲಯಾಳಕ್ಕೆ ಐಎಸ್‌ಎಂ. ಒಂದೇ ಹಾಳೆಯಲ್ಲಿ ಎರಡು ಲಿಪಿಗಳನ್ನು ಒಂದಕ್ಕೊಂದು ಜಗಳವಾಡದ ಹಾಗೆ ಕೂರಿಸುವ ಅವರ ಕಣ್ಣು ಬೆಂಗಳೂರಿನ ದೊಡ್ಡ ಸ್ಟುಡಿಯೋಗಳಲ್ಲೂ ಸುಲಭಕ್ಕೆ ಸಿಗುವಂಥದ್ದಲ್ಲ. ಆದರೆ ಅವರ ಅನುಭವವೆಲ್ಲ ಅಚ್ಚಿನದು. ಅಚ್ಚಿನಲ್ಲಿ ಇಟ್ಟದ್ದು ಇಟ್ಟಲ್ಲೇ ಇರುತ್ತದೆ. ಓದುಗ ಆಮಂತ್ರಣವನ್ನು ಹಿಡಿದು ಅಗಲ ಮಾಡಲಾರ, ಅಕ್ಷರದ ಗಾತ್ರ ಹೆಚ್ಚಿಸಲಾರ.

ಎರಡು ಸಾವಿರದ ಇಸವಿಯ ನಂತರ ಶಾಲೆ, ದೇವಸ್ಥಾನ, ಗಲ್ಫಿನ ಊರವರ ಸಂಘ ಎಲ್ಲಕ್ಕೂ ವೆಬ್‌ಸೈಟ್ ಬೇಕಾಯಿತು. ಕೆಲಸ ಸಾಗುತ್ತಿದ್ದ ಕ್ರಮ ಹೀಗೆ. ಡಿಸೈನರ್ ಫೋಟೋಶಾಪ್‌ನಲ್ಲಿ ಮುಖಪುಟ ಬಿಡಿಸುತ್ತಾರೆ. ಅದನ್ನು ಕಲರ್ ಪ್ರಿಂಟ್ ತೆಗೆದು ಸಮಿತಿಗೆ ತೋರಿಸುತ್ತಾರೆ. ಅಧ್ಯಕ್ಷರು ಒಪ್ಪಿದರೆ ಅರ್ಧ ಹಣ. ಆಮೇಲೆ ಆ ಫೈಲನ್ನು ಕೋಡ್ ಮಾಡುವವರಿಗೆ ಕೊಡುತ್ತಾರೆ, ಅವರು ಕೆಲವೊಮ್ಮೆ ಮಂಗಳೂರಿನಲ್ಲಿ, ಕೆಲವೊಮ್ಮೆ ಕೊಚ್ಚಿಯಲ್ಲಿ. ಸೈಟ್ ಪ್ರಿಂಟಿನ ಹಾಗೇ ಕಂಡರೆ ಉಳಿದ ಹಣ. ಅಂದರೆ ಡೆವಲಪರ್ ಕೈಗೆ ಫೈಲ್ ಬರುವ ಹೊತ್ತಿಗೆ ಎಲ್ಲವೂ ಒಪ್ಪಂದವಾಗಿ ಹೋಗಿರುತ್ತಿತ್ತು. ಇದು ಆಗುವುದಿಲ್ಲ ಅಂತ ಹೇಳಲು ಅವರಿಗೆ ಅವಕಾಶವೇ ಇರಲಿಲ್ಲ. ಹೇಳಿದರೆ ಕೆಲಸ ಗೊತ್ತಿಲ್ಲದವನು ಅಂತ ಹೆಸರು. ಡಿಸೈನರ್‌ಗೂ ತನ್ನ ಚಿತ್ರ ಬ್ರೌಸರಿನಲ್ಲಿ ಏನಾಗುತ್ತದೆ ಅಂತ ನೋಡುವ ಸಂದರ್ಭ ಬರುತ್ತಿರಲಿಲ್ಲ. ಜಗಳವಾದರೆ ಜನ ಇಬ್ಬರ ಸ್ವಭಾವವನ್ನು ದೂರುತ್ತಿದ್ದರು. ಕಲಾವಿದರು ಹೀಗೇ, ಎಂಜಿನಿಯರುಗಳು ಹಾಗೇ ಅಂತ. ಹಣ ಯಾವ ಹಂತದಲ್ಲಿ ಕೈ ಬದಲಿಸುತ್ತದೆ ಅನ್ನುವುದನ್ನು ಯಾರೂ ನೋಡುತ್ತಿರಲಿಲ್ಲ.

ಆ ಕಾಲದ ಕೆಲಸದ ರೀತಿಯನ್ನೂ ಹೇಳಬೇಕು. ದುಂಡು ಮೂಲೆಯ ಒಂದು ಪೆಟ್ಟಿಗೆ ಬೇಕಾದರೆ ನಾಲ್ಕು ಮೂಲೆಗೆ ನಾಲ್ಕು ಚಿತ್ರ ಕತ್ತರಿಸಬೇಕಿತ್ತು. 2001ರಲ್ಲಿ ಬಂದ ಇಂಟರ್ನೆಟ್ ಎಕ್ಸ್‌ಪ್ಲೋರರ್ 6ಕ್ಕೆ ಪಿಎನ್‌ಜಿ ಚಿತ್ರದ ಅರೆಪಾರದರ್ಶಕ ನೆರಳು ತಿಳಿಯುತ್ತಿರಲಿಲ್ಲ, ಅಲ್ಲಿ ಬೂದು ಬಣ್ಣದ ಚೌಕ ಕಾಣಿಸುತ್ತಿತ್ತು. ಡಿಸೈನರ್ ಒಂದು ಕ್ಷಣದಲ್ಲಿ ಹಾಕಿದ ನೆರಳಿಗೆ ಡೆವಲಪರ್ ಒಂದು ಮಧ್ಯಾಹ್ನ ಕಳೆಯಬೇಕಿತ್ತು. ಇಂಟರ್ನೆಟ್ ಎಕ್ಸ್‌ಪ್ಲೋರರ್‌ನಲ್ಲಿ ಒಂದೇ ಸಾಲಿನ ಸಿಎಸ್‌ಎಸ್‌ನಿಂದ ದುಂಡು ಮೂಲೆ ಸಿಕ್ಕಿದ್ದು 2011ರ ಒಂಬತ್ತನೇ ಆವೃತ್ತಿಯಲ್ಲಿ.

ಇದರ ಮೇಲೆ ಕನ್ನಡದ ತೊಡಕು. ನುಡಿ, ಬರಹಗಳ ಆಗಿನ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಸಂಕೇತಗಳಲ್ಲೇ ಕನ್ನಡದ ಆಕಾರಗಳನ್ನು ಕೂರಿಸಿದ್ದವು. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ಯೂನಿಕೋಡ್ ಕನ್ನಡವೂ (ಕನ್ನಡ ಅಕ್ಷರಗಳಿಗೆ ತಮ್ಮದೇ ಸಂಕೇತ ಇರುವ ವ್ಯವಸ್ಥೆ) ತುಂಗಾ ಫಾಂಟೂ ಬಂದವು. ಆದರೆ ಫೋಟೋಶಾಪ್‌ಗೆ ಯೂನಿಕೋಡ್ ಕನ್ನಡದ ಒತ್ತಕ್ಷರ ಜೋಡಿಸುವುದು ಬಹಳ ವರ್ಷ ಬರಲೇ ಇಲ್ಲ. ಒತ್ತು ಅಕ್ಷರದ ಕೆಳಗೆ ಕೂರುವ ಬದಲು ಬಿಡಿಬಿಡಿಯಾಗಿ ಪಕ್ಕಕ್ಕೆ ನಿಲ್ಲುತ್ತಿತ್ತು. ಹಾಗಾಗಿ ಡಿಸೈನರ್ ನುಡಿಯ ಫಾಂಟಿನಲ್ಲಿ ಬಿಡಿಸುತ್ತಿದ್ದರು. ಡೆವಲಪರ್ ಸೈಟಿಗೆ ಹಾಕಬೇಕಾದದ್ದು ತುಂಗಾ. ಎರಡರ ಅಗಲ ಬೇರೆ, ಎತ್ತರ ಬೇರೆ, ದಪ್ಪ ಬೇರೆ. ಒಪ್ಪಿಗೆ ಸಿಕ್ಕಿದ ಚಿತ್ರವನ್ನು ಹಾಗೇ ಕಟ್ಟಲು ಸಾಧ್ಯವೇ ಇರಲಿಲ್ಲ. ಕೊನೆಗೆ ಇಬ್ಬರೂ ಸೇರಿ ಹಿಡಿದ ಅಡ್ಡದಾರಿ ಅಂದರೆ ಕನ್ನಡ ತಲೆಬರಹಗಳನ್ನೆಲ್ಲ ಚಿತ್ರ ಮಾಡಿ ಅಂಟಿಸುವುದು. ಕಣ್ಣಿಗೆ ಸರಿ ಕಂಡಿತು. ಹುಡುಕಿದರೆ ಸಿಗಲಿಲ್ಲ, ನಕಲು ಮಾಡಲು ಬರಲಿಲ್ಲ, ಕಣ್ಣು ಕಾಣದವರಿಗೆ ಓದಿ ಹೇಳುವ ಸಾಫ್ಟ್‌ವೇರಿಗೆ ಅಲ್ಲಿ ಅಕ್ಷರವೇ ಇರಲಿಲ್ಲ. ಆ ಕಾಲದ ಎಷ್ಟೋ ಸಂಘಗಳ ಪುಟಗಳಲ್ಲಿದ್ದ ಕನ್ನಡ ಇಂದು ಯಾವ ಹುಡುಕಾಟಕ್ಕೂ ಸಿಗದಿರುವುದಕ್ಕೆ ಇದೂ ಒಂದು ಕಾರಣ. ಸೈಟುಗಳೇ ಮುಚ್ಚಿ ಹೋದದ್ದು ಬೇರೆ ಕತೆ ಬಿಡಿ.

ಈ ನಡುವೆ ಹೊರಗೆ ಬೇರೆ ಬದಲಾವಣೆಗಳು ನಡೆದಿದ್ದವು. 2001ರಲ್ಲಿ ಅಮೆರಿಕದ ಸ್ನೋಬರ್ಡ್‌ನಲ್ಲಿ 17 ಮಂದಿ ಸೇರಿ ಅಜೈಲ್ ಪ್ರಣಾಳಿಕೆ ಬರೆದರು. ಒಮ್ಮೆಗೇ ಎಲ್ಲ ಯೋಜಿಸುವುದು ಬೇಡ, ಸ್ವಲ್ಪ ಸ್ವಲ್ಪ ಮಾಡಿ ಗ್ರಾಹಕರಿಗೆ ತೋರಿಸಿ ತಿದ್ದೋಣ ಅನ್ನುವುದು ಅದರ ಸಾರ. ಬಂದವರೆಲ್ಲ ಸಾಫ್ಟ್‌ವೇರ್ ಕಟ್ಟುವ ಕಡೆಯವರು. ಹಾಗಾಗಿ ಸ್ಪ್ರಿಂಟ್ ಅನ್ನುವ ಎರಡು ವಾರದ ಕೆಲಸದ ಸುತ್ತಿನಲ್ಲಿ ಡಿಸೈನ್ ಎಲ್ಲಿ ಕೂರಬೇಕು ಅನ್ನುವ ಪ್ರಶ್ನೆಗೆ ಇಂದಿಗೂ ಒಂದೊಂದು ಕಂಪನಿಯಲ್ಲಿ ಒಂದೊಂದು ಉತ್ತರ. ಇತ್ತ ಮೈಕ್ರೋಸಾಫ್ಟ್ 2007ರಲ್ಲಿ ಎಕ್ಸ್‌ಪ್ರೆಷನ್ ಬ್ಲೆಂಡ್ ತಂದಿತು. ಡಿಸೈನರ್, ಡೆವಲಪರ್ ಇಬ್ಬರೂ ಒಂದೇ ಫೈಲಿನಲ್ಲಿ ಕೆಲಸ ಮಾಡಲಿ ಅನ್ನುವುದು ಯೋಚನೆ. ಒಳ್ಳೆಯ ಯೋಚನೆಯೇ. ಆದರೆ ಡಿಸೈನರುಗಳು ಆ ಕಡೆ ಅಷ್ಟಾಗಿ ತಲೆ ಹಾಕಲಿಲ್ಲ.

ಚಿತ್ರ ಒಪ್ಪಿಸಿ ಕೋಡ್ ಮಾಡುವ ಪದ್ಧತಿಗೆ ನಿಜವಾದ ಪೆಟ್ಟು ಕೊಟ್ಟದ್ದು ಫೋನ್. 2007ರ ಐಫೋನ್, ಆಮೇಲೆ ಬಂದ ಆಂಡ್ರಾಯ್ಡ್ ಫೋನುಗಳು ಪರದೆಯ ಅಗಲ ಇಷ್ಟೇ ಅನ್ನುವ ನಂಬಿಕೆಯನ್ನೇ ಮುರಿದವು. 2010ರಲ್ಲಿ ವೆಬ್ ಡಿಸೈನರ್ ಈಥನ್ ಮಾರ್ಕಾಟ್ ರೆಸ್ಪಾನ್ಸಿವ್ ವೆಬ್ ಡಿಸೈನ್ ಎಂಬ ಹೆಸರು ಕೊಟ್ಟರು. ಪುಟ ಪರದೆಗೆ ತಕ್ಕಂತೆ ಹಿಗ್ಗಬೇಕು, ಕುಗ್ಗಬೇಕು. ಹಿಗ್ಗುವುದನ್ನು ಒಂದು ನಿಂತ ಚಿತ್ರದಲ್ಲಿ ತೋರಿಸುವುದು ಹೇಗೆ? ಮರುವರ್ಷ ಟ್ವಿಟರ್‌ನ ಇಬ್ಬರು ಬೂಟ್‌ಸ್ಟ್ರ್ಯಾಪ್ ಎಂಬ ಸಿದ್ಧ ಕೋಡ್ ಬಿಡುಗಡೆ ಮಾಡಿದರು, ಸಿದ್ಧ ಬಟನ್, ಸಿದ್ಧ ಮೆನು. ಸಣ್ಣ ಊರುಗಳ ಡೆವಲಪರುಗಳಿಗೆ ಇದು ವರದಾನವಾಯಿತು, ಡಿಸೈನರ್ ಇಲ್ಲದೆಯೂ ಸೈಟ್ ಕಟ್ಟಬಹುದಿತ್ತು. ಒಂದಷ್ಟು ವರ್ಷ ಕಾಸರಗೋಡಿನಿಂದ ಕಲಬುರಗಿಯವರೆಗೆ ಎಲ್ಲ ಸೈಟುಗಳೂ ಅಣ್ಣತಮ್ಮಂದಿರ ಹಾಗೆ ಕಂಡದ್ದಕ್ಕೆ ಕಾರಣವೂ ಅದೇ.

ಫಿಗ್ಮಾ 2012ರಲ್ಲಿ ಶುರುವಾದ ಕಂಪನಿ, ಅದರ ಡಿಸೈನ್ ಉಪಕರಣ ಎಲ್ಲರಿಗೂ ಸಿಕ್ಕಿದ್ದು 2016ರಲ್ಲಿ. ಡಿಸೈನ್ ಫೈಲ್ ಬ್ರೌಸರಿನಲ್ಲೇ ತೆರೆಯುತ್ತದೆ, ಲಿಂಕ್ ಕೊಟ್ಟರೆ ಯಾರು ಬೇಕಾದರೂ ಒಳಗೆ ಬಂದು ಕಾಮೆಂಟ್ ಹಾಕಬಹುದು. 2020ರ ಮಾರ್ಚ್‌ನಲ್ಲಿ ಕೋವಿಡ್ ಬಂದು ಕೇರಳ-ಕರ್ನಾಟಕದ ನಡುವಿನ ತಲಪಾಡಿ ಗಡಿ ಮುಚ್ಚಿದಾಗ ಇದರ ಬೆಲೆ ನಮ್ಮವರಿಗೆ ಚೆನ್ನಾಗಿ ತಿಳಿಯಿತು. ಮಂಗಳೂರಿನ ಆಫೀಸಿಗೆ ದಿನಾ ಹೋಗಿಬರುತ್ತಿದ್ದವರು ಮನೆಯಲ್ಲೇ ಕೂತರು. ಡಿಸೈನರ್ ಗಡಿಯ ಈಚೆ ಪೆರ್ಲದಲ್ಲಿ, ಡೆವಲಪರ್ ಆಚೆ ದೇರಳಕಟ್ಟೆಯಲ್ಲಿ, ಇಬ್ಬರ ಕರ್ಸರ್ ಒಂದೇ ಪುಟದಲ್ಲಿ ಓಡಾಡುತ್ತಿತ್ತು.

ಇದರ ಜೊತೆಗೇ ಬೆಳೆದದ್ದು ಡಿಸೈನ್ ಸಿಸ್ಟಮ್. ಗೂಗಲ್ 2014ರಲ್ಲಿ ಮೆಟೀರಿಯಲ್ ಡಿಸೈನ್ ಪ್ರಕಟಿಸಿದ ಮೇಲೆ ಹಲವು ದೊಡ್ಡ ಕಂಪನಿಗಳೂ ತಮ್ಮದೇ ನಿಯಮಾವಳಿ ಮಾಡಿಕೊಂಡವು. ಬಟನ್ ಒಮ್ಮೆ ತೀರ್ಮಾನವಾದರೆ ಡಿಸೈನ್ ಫೈಲಿನಲ್ಲೂ ಕೋಡಿನಲ್ಲೂ ಒಂದೇ ಹೆಸರು, ಒಂದೇ ಅಳತೆ. ಬಣ್ಣ, ಅಂತರಗಳಂಥ ಮೌಲ್ಯಗಳಿಗೆ ಹೆಸರಿಟ್ಟು ಎರಡೂ ಕಡೆ ಅದನ್ನೇ ಬಳಸಿದರೆ ಅದು ಟೋಕನ್. 2023ರಲ್ಲಿ ಫಿಗ್ಮಾ ಡೆವಲಪರುಗಳಿಗೆಂದೇ ಡೆವ್ ಮೋಡ್ ತಂದಿತು, ಮುಂದಿನ ವರ್ಷದಿಂದ ಅದಕ್ಕೆ ಹಣ ಕೊಡಬೇಕಾಯಿತು. ಅದಕ್ಕೂ ಮೊದಲು 2022ರಲ್ಲಿ ಫೋಟೋಶಾಪ್ ಮಾಡುವ ಅಡೋಬಿ 20 ಶತಕೋಟಿ ಡಾಲರಿಗೆ ಫಿಗ್ಮಾ ಕೊಳ್ಳುವುದಾಗಿ ಹೇಳಿತ್ತು, ಯುರೋಪ್, ಬ್ರಿಟನ್ನಿನ ನಿಯಂತ್ರಕರ ತಕರಾರಿನಿಂದ 2023ರ ಡಿಸೆಂಬರಿನಲ್ಲಿ ಕೈಬಿಟ್ಟಿತು. ಇಬ್ಬರ ನಡುವಿನ ಜಾಗಕ್ಕೆ ಇಷ್ಟು ಬೆಲೆ ಇದ್ದರೆ ಅದು ಪೂರ್ತಿ ಮುಚ್ಚಿಹೋಗುವುದು ಎಲ್ಲರಿಗೂ ಬೇಕಿದೆಯೇ ಅಂತ ಒಮ್ಮೊಮ್ಮೆ ಅನ್ನಿಸುತ್ತದೆ.

ಹಾಗಾದರೆ ಬದಿಯಡ್ಕದ ಒತ್ತು ಯಾಕೆ ಇನ್ನೂ ಕತ್ತರಿಸುತ್ತಿದೆ? ಈಗ ಫಾಂಟಿನ ಕೊರತೆ ಇಲ್ಲ. ನೋಟೋ ಸಾನ್ಸ್ ಕನ್ನಡ ಇದೆ, ಬಾಲೂ ತಮ್ಮ ಇದೆ, ಎರಡೂ ಉಚಿತ. ಫೋನುಗಳು ಒತ್ತಕ್ಷರವನ್ನು ಸರಿಯಾಗಿಯೇ ಜೋಡಿಸುತ್ತವೆ. ತೊಂದರೆ ಇರುವುದು ಸಾಲಿನ ಎತ್ತರದಲ್ಲಿ. ಇಂಗ್ಲಿಷಿಗೆ ಅಕ್ಷರದ ಗಾತ್ರದ 1.2 ಪಟ್ಟು ಎತ್ತರ ಕೊಟ್ಟರೆ ಸಾಕಾಗುತ್ತದೆ. ಕನ್ನಡದಲ್ಲಿ ಮೇಲೆ ಗುಡಿಸು, ಕೆಳಗೆ ಒತ್ತು. ರಾಷ್ಟ್ರ ಅಂತ ಬರೆದರೆ ಒಂದಲ್ಲ, ಎರಡು ಒತ್ತು. ಅದಕ್ಕೆ 1.5 ಅಥವಾ ಇನ್ನೂ ಸ್ವಲ್ಪ ಜಾಸ್ತಿ ಬೇಕು. ಅಂಗವಿಕಲರಿಗೂ ವೆಬ್ ಬಳಸಲು ಬರಬೇಕು ಅಂತ ಮಾಡಿದ 2018ರ ಡಬ್ಲ್ಯುಸಿಎಜಿ 2.1 ಮಾನದಂಡವೂ ಸಾಲಿನ ಎತ್ತರವನ್ನು 1.5 ಪಟ್ಟಿಗೆ ಏರಿಸಿದರೆ ಯಾವ ಅಕ್ಷರವೂ ಕಳೆದುಹೋಗಬಾರದು ಅನ್ನುತ್ತದೆ. ಆದರೆ ಟೋಕನ್ ತೀರ್ಮಾನವಾಗುವ ದಿನ ಫೈಲಿನಲ್ಲಿರುವುದು ಇಂಗ್ಲಿಷ್ ಪದ ಮಾತ್ರ. ಅನುವಾದ ಬರುವುದು ಕೊನೆಯ ವಾರ. ಅಷ್ಟರಲ್ಲಿ ಎತ್ತರ ಡಿಸೈನಿನಲ್ಲೂ ಕೋಡಿನಲ್ಲೂ ಒಂದೇ ಆಗಿ ಗಟ್ಟಿಯಾಗಿರುತ್ತದೆ. ಡಿಸೈನರ್, ಡೆವಲಪರ್ ನಡುವೆ ಈಗ ಪೂರ್ತಿ ಒಮ್ಮತ. ಇಬ್ಬರೂ ಒಟ್ಟಿಗೇ ತಪ್ಪಿದ್ದಾರೆ, ಅಷ್ಟೇ.

ವಿಚಿತ್ರ ಅಂದರೆ, ನಮ್ಮ ಮಕ್ಕಳು ಇದನ್ನು ಬೇರೆ ಬೇರೆಯಾಗಿ ಕಲಿತವರೇ ಅಲ್ಲ. ಕೇರಳದ ಹೈಸ್ಕೂಲಿನ ಐಸಿಟಿ (ಕಂಪ್ಯೂಟರ್) ಪುಸ್ತಕ ಕನ್ನಡ ಮಾಧ್ಯಮಕ್ಕೆ ಕನ್ನಡದಲ್ಲೇ ಬರುತ್ತದೆ. ಇಂಕ್‌ಸ್ಕೇಪ್‌ನಲ್ಲಿ ಲೋಗೋ ಬಿಡಿಸುವುದು, ಎಚ್‌ಟಿಎಂಎಲ್, ಸಿಎಸ್‌ಎಸ್ ಬರೆಯುವುದು, ಪೈಥಾನ್‌ನಲ್ಲಿ ಪ್ರೋಗ್ರಾಂ ಮಾಡುವುದು ಎಲ್ಲ ಒಂದೇ ವಿಷಯದಲ್ಲಿ. ಹದಿನೈದರ ಪ್ರಾಯದಲ್ಲಿ ಎರಡನ್ನೂ ಮುಟ್ಟಿ ನೋಡಿದ ಮಗು ಕೆಲಸಕ್ಕೆ ಸೇರುವಾಗ ಒಂದು ಹುದ್ದೆಯ ಹೆಸರು ಆರಿಸಿಕೊಳ್ಳಬೇಕಾಗುತ್ತದೆ. ಈಗ ಎರಡನ್ನೂ ಬಲ್ಲವರಿಗೆ ಡಿಸೈನ್ ಎಂಜಿನಿಯರ್ ಎಂಬ ಹುದ್ದೆ ಹುಟ್ಟಿಕೊಂಡಿದೆ, ಸಂಬಳವೂ ಚೆನ್ನಾಗಿದೆಯಂತೆ.

ಈಗ ಫಿಗ್ಮಾ ಮೇಕ್ (2025) ಥರದ ಎಐ ಉಪಕರಣಗಳು ಬಂದಿವೆ. ಏನು ಬೇಕು ಅಂತ ಬರೆದರೆ ಚಿತ್ರವೂ ಕೋಡೂ ಒಟ್ಟಿಗೇ ಸಿದ್ಧ. ಮಂಗಳೂರಿನ, ಕಾಸರಗೋಡಿನ ಸಣ್ಣ ತಂಡಗಳೂ ಬಳಸುತ್ತಿವೆ. ಕೆಲವರು ಮೊದಲ ದಿನವೇ ಉಪ್ಪಳ, ಬದಿಯಡ್ಕ, ಮುಳ್ಳೇರಿಯ, ಜೊತೆಗೆ ಒಂದು ಉದ್ದ ಮಲಯಾಳ ಪದ ಹಾಕಿಯೇ ಪರದೆ ಮಾಡಿಸುತ್ತಾರೆ. ಡಿಸೈನರ್, ಡೆವಲಪರ್ ಇಬ್ಬರೂ ಅದನ್ನು ಅಗ್ಗದ ಫೋನಿನಲ್ಲಿ, ಅಕ್ಷರದ ಗಾತ್ರ ದೊಡ್ಡದು ಮಾಡಿ, ಒಟ್ಟಿಗೇ ನೋಡುತ್ತಾರೆ. ಇದಕ್ಕೆ ಹೊಸ ಉಪಕರಣ ಏನೂ ಬೇಡ. ಗ್ರಾಹಕರು ಒಪ್ಪಿಗೆ ಕೊಡಬೇಕಾದದ್ದು ಪ್ರಿಂಟಿಗೋ ಫಿಗ್ಮಾ ಲಿಂಕಿಗೋ ಅಲ್ಲ, ಕೈಯಲ್ಲಿರುವ ಫೋನಿನ ಪರದೆಗೆ ಅಂತ ಒಪ್ಪಂದದಲ್ಲಿ ಒಂದು ಸಾಲು ಸೇರಿಸಿದರೆ ಸಾಕು. ಆ ಸಾಲು ಸೇರಿಸಲು ಒಪ್ಪುವ ಗ್ರಾಹಕರು ಇನ್ನೂ ಕಡಿಮೆ. ಮುಖಪುಟದ ಚಿತ್ರ ಮೊದಲು ಕಳಿಸಿ, ಕಮಿಟಿಗೆ ತೋರಿಸಬೇಕು ಅನ್ನುವವರೇ ಜಾಸ್ತಿ.