ಕಾಲು ಮಗ್ಗಿ ಹೋದ ಮೇಲೆ

52ರಲ್ಲಿ 27 ಕಳೆ ಅಂದರೆ ನಾಲ್ಕನೇ ತರಗತಿಯ ಎಷ್ಟೋ ಮಕ್ಕಳು 35 ಎಂದು ಬರೆಯುತ್ತಾರೆ. 2ರಲ್ಲಿ 7 ಹೋಗಲ್ಲ, ಅದಕ್ಕೆ 7ರಲ್ಲೇ 2 ಕಳೆದುಬಿಡುತ್ತಾರೆ. ಇದು ದಡ್ಡತನ ಅಲ್ಲ. ದೊಡ್ಡದರಲ್ಲಿ ಚಿಕ್ಕದನ್ನು ಕಳೆಯಬೇಕು ಎಂದು ಹೇಳಿಕೊಟ್ಟಿದ್ದನ್ನೇ ಮಗು ಪಾಲಿಸಿದೆ. ಅದರ ಕಣ್ಣಿಗೆ 52 ಅಂದರೆ ಅಕ್ಕಪಕ್ಕ ಕೂತ ಎರಡು ಅಂಕಿ, ಅಷ್ಟೇ. ಇದೇ ಮಗುವಿಗೆ ಇಪ್ಪತ್ತರ ತನಕ ಮಗ್ಗಿ ಬಾಯಿಪಾಠ ಇರಬಹುದು.

ಮಗ್ಗಿ ಬರುತ್ತೆ, ಲೆಕ್ಕ ಬರಲ್ಲ. ಇದು ಶುರುವಾಗಿದ್ದು ಎಲ್ಲಿಂದ?

ನಮ್ಮಲ್ಲಿ ಲೆಕ್ಕ ಮೊದಲಿಂದಲೂ ಬದುಕಿನ ಜೊತೆಗೇ ಇತ್ತು. 12ನೇ ಶತಮಾನದಲ್ಲಿ ರಾಜಾದಿತ್ಯ ಕನ್ನಡದಲ್ಲೇ ಪದ್ಯ ಕಟ್ಟಿ ಬರೆದ ಗಣಿತ ಪುಸ್ತಕದ ಹೆಸರೇ ‘ವ್ಯವಹಾರಗಣಿತ’. ಹಿಂದಿನ ಕಾಲದ ಊರ ಶಾಲೆಗಳಾದ ಕೂಲಿಮಠಗಳಲ್ಲಿ ಮಕ್ಕಳು ಮರಳ ಮೇಲೆ ಅಂಕಿ ತಿದ್ದಿ, ಸಾಲಾಗಿ ಕೂತು ರಾಗವಾಗಿ ಮಗ್ಗಿ ಹೇಳುತ್ತಿದ್ದರು. ಒಂದರಿಂದ ಇಪ್ಪತ್ತರ ಮಗ್ಗಿ ಮಾತ್ರ ಅಲ್ಲ, ಕಾಲು ಮಗ್ಗಿ, ಅರೆ ಮಗ್ಗಿ, ಮುಕ್ಕಾಲು ಮಗ್ಗಿಯೂ ಇತ್ತು. ಏಳು ಸಲ ಕಾಲು ಅಂದರೆ ಒಂದೂಮುಕ್ಕಾಲು ಎಂದು ತಟ್ಟನೆ ಬರಬೇಕಿತ್ತು. ಅಷ್ಟೊಂದು ಬಾಯಿಪಾಠ ಯಾಕೆ ಅಂತೀರಾ? ಆಗ ರೂಪಾಯಿಗೆ 16 ಆಣೆ, ಆಣೆಗೆ 12 ಪೈ. ಕಾಲು ರೂಪಾಯಿ ಅಂದರೆ ನಾಲ್ಕಾಣೆ, ಅರೆ ಅಂದರೆ ಎಂಟಾಣೆ. ಅಳತೆಯಲ್ಲಿ ಸೇರು, ಪಾವು, ಚಟಾಕು. ಬೆಳಿಗ್ಗೆ ಹೇಳಿದ ಮಗ್ಗಿ ಸಂಜೆ ಅಂಗಡಿಯಲ್ಲಿ ಕೆಲಸಕ್ಕೆ ಬರುತ್ತಿತ್ತು.

1957ರ ಏಪ್ರಿಲ್ 1ರಂದು ರೂಪಾಯಿಗೆ 100 ನಯಾ ಪೈಸೆ ಬಂತು. ಮುಂದಿನ ಕೆಲವೇ ವರ್ಷಗಳಲ್ಲಿ ಕಿಲೋ, ಲೀಟರ್ ಬಂದವು. ಲೆಕ್ಕ ಸುಲಭವಾಯಿತು, ಅನುಮಾನವೇ ಇಲ್ಲ. ಕಾಲು ಮಗ್ಗಿಯ ಕೆಲಸ ಮುಗಿದು ಅದು ಮರೆಯಾಯಿತು. ಉಳಿದ ಮಗ್ಗಿ ಶಾಲೆಯಲ್ಲಿ ಹಾಗೇ ಉಳಿಯಿತು. ಆದರೆ ಬಾಯಿಗೂ ಕೈಗೂ ಇದ್ದ ನಂಟು ಸಡಿಲವಾಯಿತು. ಆ ಜಾಗಕ್ಕೆ ಬೇರೆ ಏನನ್ನು ತರಬೇಕು ಎಂದು ಬಹಳ ಕಾಲ ಯಾರೂ ಗಟ್ಟಿಯಾಗಿ ಕೇಳಲಿಲ್ಲ ಅನ್ನೋದು ನನ್ನ ಕೊರಗು.

ಕೇಳಿದವರಲ್ಲಿ ಎಚ್.ಡಿ. ಕೋಟೆಯ ಮೇಷ್ಟ್ರುಗಳೂ ಇದ್ದಾರೆ. ಆಂಧ್ರದ ರಿಷಿವ್ಯಾಲಿಯ ಹಳ್ಳಿ ಶಾಲೆಗಳನ್ನು ನೋಡಿ ಬಂದು, 1995ರಲ್ಲಿ ಯುನಿಸೆಫ್ ನೆರವಿನಿಂದ ತಮ್ಮ ತಾಲ್ಲೂಕಿನಲ್ಲಿ ನಲಿಕಲಿ ಶುರು ಮಾಡಿದರು. ಕಾರ್ಡು, ಕಲಿಕಾ ಏಣಿ, ಗುಂಪುಗಳು. ಒಂದು ಮೆಟ್ಟಿಲು ಹತ್ತಿದ ಮೇಲೇ ಮುಂದಿನದು. 2009ರ ಹೊತ್ತಿಗೆ ಅದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಚಿಕ್ಕ ತರಗತಿಗಳಿಗೆಲ್ಲ ಬಂತು. ದೊಡ್ಡ ಮಕ್ಕಳಿಗಾಗಿ ಮುಂದಿನ ದಶಕದಲ್ಲಿ ಅಕ್ಷರ ಫೌಂಡೇಶನ್ ಸರ್ಕಾರದ ಜೊತೆ ಸೇರಿ ‘ಗಣಿತ ಕಲಿಕಾ ಆಂದೋಲನ’ ತಂದಿತು. ನಾಲ್ಕು, ಐದನೇ ತರಗತಿಗೆ ಮಣಿಕಟ್ಟು, ಹತ್ತರ ಪಟ್ಟಿ, ಭಿನ್ನರಾಶಿಯ ತುಂಡುಗಳಿರುವ ಪೆಟ್ಟಿಗೆ ಬಂತು. ಮೊದಲು ಮುಟ್ಟು, ಆಮೇಲೆ ಚಿತ್ರ ಬಿಡಿಸು, ಕೊನೆಗೆ ಅಂಕಿ ಬರೆ. ಅದರ ದಾರಿ ಇಷ್ಟೇ.

ಪೆಟ್ಟಿಗೆ ಇಲ್ಲದಿದ್ದರೂ ನಡೆಯುತ್ತೆ. ಪೊರಕೆ ಕಡ್ಡಿ, ರಬ್ಬರ್ ಬ್ಯಾಂಡ್ ಸಾಕು. ಹತ್ತು ಹತ್ತು ಕಡ್ಡಿಯ ಐದು ಕಟ್ಟು, ಎರಡು ಬಿಡಿ ಕಡ್ಡಿ ಕೊಡಿ. ಅದರಿಂದ 27 ತೆಗೆ ಅನ್ನಿ. ಎರಡು ಕಟ್ಟು ಸಲೀಸಾಗಿ ಬರುತ್ತೆ. ಏಳು ಬಿಡಿ ಎಲ್ಲಿಂದ? ಮಗು ಸ್ವಲ್ಪ ಹೊತ್ತು ಕಡ್ಡಿ ನೋಡುತ್ತೆ, ನಿಮ್ಮ ಮುಖ ನೋಡುತ್ತೆ. ದಯವಿಟ್ಟು ಆಗ ಸುಮ್ನಿರಿ. ತಾನೇ ಒಂದು ಕಟ್ಟು ಬಿಚ್ಚುತ್ತೆ. ‘ಪಕ್ಕದ ಮನೆಯಿಂದ ಸಾಲ ತಗೋ’ ಎಂದು ನಾವು ಹಲಗೆ ಮೇಲೆ ಹೇಳಿಕೊಡುವುದು ಈ ಬಿಚ್ಚುವುದನ್ನೇ. ಕನ್ನಡದಲ್ಲಿ ಈ ಪಾಠ ಇನ್ನೂ ಹಗುರ. ‘ಬಿಡಿ’ ಅನ್ನೋ ಮಾತಲ್ಲೇ ಅರ್ಥ ಇದೆ. ಇಪ್ಪತ್ತೇಳು ಅಂದರೆ ಇಪ್ಪತ್ತು, ಏಳು. ಹೇಳಿದ ಹಾಗೇ ಬರೆಯುತ್ತೇವೆ. ಹಿಂದಿಯ ‘ಸತ್ತಾಯಿಸ್’ನಲ್ಲಿ ಏಳು ಮುಂದೆ ಬರುತ್ತೆ, ಅಲ್ವಾ?

ಇಷ್ಟೆಲ್ಲ ಆದರೂ ದೇಶದ ಚಿತ್ರ ಮನಸ್ಸಿಗೆ ಚುಚ್ಚುತ್ತದೆ. ಹಳ್ಳಿ ಮಕ್ಕಳ ಕಲಿಕೆ ಅಳೆಯುವ ಅಸರ್ ಸಮೀಕ್ಷೆಯ 2024ರ ವರದಿಯಲ್ಲಿ ಹಳ್ಳಿಗಳ ಐದನೇ ತರಗತಿ ಮಕ್ಕಳಲ್ಲಿ ಸರಳ ಭಾಗಾಕಾರ ಮಾಡಿದವರು ಶೇ 30.7 ಮಾತ್ರ. ಅದರ ಮರುವರ್ಷ ದೆಹಲಿ, ಕೋಲ್ಕತ್ತದ ಮಾರುಕಟ್ಟೆಗಳಲ್ಲಿ ವ್ಯಾಪಾರ ಮಾಡುವ 1,400ಕ್ಕೂ ಹೆಚ್ಚು ಮಕ್ಕಳ ಅಧ್ಯಯನ ಪ್ರಕಟವಾಯಿತು. ತಂಡದಲ್ಲಿ ನೊಬೆಲ್ ಪಡೆದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಇದ್ದರು. ಆ ಮಕ್ಕಳಲ್ಲಿ ಹೆಚ್ಚಿನವರು ತರಕಾರಿಯ ಲೆಕ್ಕವನ್ನು ಬಾಯಲ್ಲೇ ಸರಿಯಾಗಿ ಹೇಳಿದರು, ಶಾಲೆಯ ಥರ ಹಾಳೆಯಲ್ಲಿ ಕೊಟ್ಟಾಗ ತಡವರಿಸಿದರು. ಶಾಲೆ ಮಕ್ಕಳದು ಇದರ ತಿರುಗುಮುರುಗು.

ನಮ್ಮ ಸರ್ಕಾರಿ ಶಾಲೆಗಳಲ್ಲಿ ಮಕ್ಕಳ ಸಂತೆ ನಡೆಯುತ್ತೆ. ಮಕ್ಕಳು ಸೊಪ್ಪು, ನಿಂಬೆಹಣ್ಣು, ಮಂಡಕ್ಕಿ ಮಾರುತ್ತಾರೆ, ಅಮ್ಮಂದಿರು ಚೌಕಾಸಿ ಮಾಡುತ್ತಾರೆ. ಸಂಜೆ ಡಬ್ಬಿಯಲ್ಲಿ ಚಿಲ್ಲರೆ ಎಣಿಸುವಾಗ ಯಾರೂ ಲೆಕ್ಕಕ್ಕೆ ಹೆದರಲ್ಲ. ಆ ಡಬ್ಬಿ ಮರುದಿನ ತರಗತಿಗೂ ಬರಲಿ. ಕಟ್ಟು ಎಷ್ಟಕ್ಕೆ ಮಾರಿದೆ, ಎಷ್ಟು ಉಳೀತು, ನೋಟು ಕೊಟ್ಟವರಿಗೆ ಎಷ್ಟು ವಾಪಸ್ ಕೊಟ್ಟೆ? ಅದೇ ಲೆಕ್ಕವನ್ನು ಹಲಗೆ ಮೇಲೆ ಬರೆಸೋಣ.