ಕೆಲಸ ಸಿಕ್ಕಿತು, ಬಿಡುವುದು ಹೇಗೆ?

ನಿರುದ್ಯೋಗದ ಚರ್ಚೆ ಶುರುವಾದರೆ ಎಲ್ಲರೂ ಕೇಳುವುದು ಎಷ್ಟು ಜನರಿಗೆ ಕೆಲಸ ಸಿಕ್ಕಿತು ಎಂದು. ಕಾರ್ಮಿಕ ವ್ಯಾಜ್ಯಗಳನ್ನೇ ನಡೆಸುವ ವಕೀಲನಾದ ನನ್ನ ಬಳಿಗೆ ಬರುವವರಲ್ಲಿ ಹೆಚ್ಚಿನವರು ಕೆಲಸ ಸಿಕ್ಕವರೇ. ಸಿಕ್ಕ ಕೆಲಸವನ್ನು ಬಿಡಲಾಗದೆ ಬರುತ್ತಾರೆ. ಓದು ಮುಗಿಸಿ ಮೊದಲ ನೌಕರಿಗೆ ಸೇರಿದವರ ಕಾಗದಪತ್ರಗಳನ್ನೂ ಗಡಿ ದಾಟಿ ದುಡಿಯಲು ಹೋದವರ ಕಾಗದಪತ್ರಗಳನ್ನೂ ಒಂದೇ ವಾರದಲ್ಲಿ ಓದಬೇಕಾಗಿ ಬಂದಾಗ, ಇವರಿಬ್ಬರಿಗೂ ಒಬ್ಬನೇ ಕರಾರು ಬರೆದುಕೊಟ್ಟಿರಬೇಕು ಎನಿಸುವಷ್ಟು ಹೋಲಿಕೆ ಕಾಣುತ್ತದೆ.

ಅಂಕಿ ಅಂಶಗಳಲ್ಲಿ ಇದು ಸಿಗುವುದಿಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ಲೆಕ್ಕದಂತೆ 2023ರಲ್ಲಿ ಜಗತ್ತಿನ 15ರಿಂದ 24 ವಯಸ್ಸಿನವರ ನಿರುದ್ಯೋಗ ಪ್ರಮಾಣ ಶೇ 13. ಹದಿನೈದು ವರ್ಷಗಳಲ್ಲೇ ಕಡಿಮೆ. ಕೇಳಲು ಹಿತವಾಗಿದೆ. ಆದರೆ ಈ ಲೆಕ್ಕಕ್ಕೆ ಸಿಗುವುದು ಕೆಲಸವಿಲ್ಲದೆ ಕೆಲಸ ಹುಡುಕುತ್ತಿರುವವರು ಮಾತ್ರ. ಅದೇ ವರ್ಷ ಆ ವಯಸ್ಸಿನ ಪ್ರತಿ ಐವರಲ್ಲಿ ಒಬ್ಬರು ಕೆಲಸ, ಓದು, ತರಬೇತಿ ಮೂರೂ ಇಲ್ಲದೆ ಕುಳಿತಿದ್ದರು, ಅವರಲ್ಲಿ ಸುಮಾರು ಮೂರನೇ ಎರಡು ಭಾಗ ಹೆಣ್ಣುಮಕ್ಕಳು. ಇನ್ನು ಬಡ ದೇಶಗಳಲ್ಲಿ ನಿರುದ್ಯೋಗದ ಪ್ರಮಾಣ ಎಷ್ಟೋ ಬಾರಿ ಕಡಿಮೆಯೇ ಇರುತ್ತದೆ, ಏಕೆಂದರೆ ಒಳ್ಳೆಯ ಕೆಲಸ ಬರಲಿ ಎಂದು ಕಾಯುತ್ತಾ ಕೂರಲು ಮನೆಯಲ್ಲಿ ಅನುಕೂಲವಿರಬೇಕು. ಅದಿಲ್ಲದವರು ಸಿಕ್ಕಿದ್ದಕ್ಕೆ ಸೇರುತ್ತಾರೆ, ಅಂಕಿ ಅಂಶದಲ್ಲಿ ಉದ್ಯೋಗಸ್ಥರಾಗುತ್ತಾರೆ.

ಯುವಜನರಲ್ಲಿ ಕೌಶಲದ ಕೊರತೆಯಿದೆ ಎಂಬ ಭಾಷಣ ಎಲ್ಲ ವೇದಿಕೆಗಳಲ್ಲೂ ಕೇಳುತ್ತದೆ. ಕೊರತೆ ಇಲ್ಲವೆಂದಲ್ಲ. ಆದರೆ ಹೊಸಬರ ಹುದ್ದೆಗೆ ಎರಡು ವರ್ಷದ ಅನುಭವ ಕೇಳುವವರು, ಆ ಅನುಭವಕ್ಕಾಗಿ ಆರು ತಿಂಗಳು ಸಂಬಳವಿಲ್ಲದೆ ದುಡಿಯಿರಿ ಎನ್ನುವವರು ಅದೇ ವೇದಿಕೆಯಲ್ಲಿ ಕುಳಿತಿರುವುದು ನನಗೆ ರೇಜಿಗೆ ಹುಟ್ಟಿಸುತ್ತದೆ. ಸಂಬಳವಿಲ್ಲದ ಇಂಟರ್ನ್‌ಶಿಪ್ ಪ್ರತಿಭೆಯನ್ನು ಸೋಸುವುದಕ್ಕಿಂತ ಹೆಚ್ಚಾಗಿ ಮನೆಯ ಸ್ಥಿತಿಗತಿಯನ್ನು ಸೋಸುತ್ತದೆ.

ಒಂದು ಕರಾರನ್ನೇ ನೋಡೋಣ. ಕಚೇರಿ ಕೆಲಸಕ್ಕೆ ಸೇರಿದ ಯುವತಿಯೊಬ್ಬಳು ತಂದದ್ದು. ನೇಮಕಾತಿ ಪತ್ರ ಒಂದೂವರೆ ಪುಟ, ಅದರ ಜೊತೆಗಿನ ‘ತರಬೇತಿ ಒಪ್ಪಂದ’ ನಾಲ್ಕು ಪುಟ. ಎರಡು ವರ್ಷಕ್ಕೆ ಮೊದಲು ಕೆಲಸ ಬಿಟ್ಟರೆ ಆರು ತಿಂಗಳ ಸಂಬಳವನ್ನು ತರಬೇತಿ ವೆಚ್ಚವಾಗಿ ಹಿಂತಿರುಗಿಸಬೇಕು. ಅಲ್ಲಿಯವರೆಗೆ ಅಂಕಪಟ್ಟಿ, ಪದವಿ ಪ್ರಮಾಣಪತ್ರಗಳ ಮೂಲ ಪ್ರತಿಗಳು ‘ಸುರಕ್ಷತೆಯ ದೃಷ್ಟಿಯಿಂದ’ ಸಂಸ್ಥೆಯಲ್ಲೇ ಇರುತ್ತವೆ. ಯಾವ ತರಬೇತಿ ಕೊಟ್ಟರು ಎಂದು ಕೇಳಿದೆ. ಮೊದಲ ವಾರ ಪರದೆಯ ಮೇಲೆ ಸಂಸ್ಥೆಯ ಇತಿಹಾಸ ತೋರಿಸಿದರಂತೆ, ಆಮೇಲೆ ಹಳೆಯ ನೌಕರರೊಬ್ಬರ ಪಕ್ಕ ಕೂರಿಸಿದರಂತೆ. ಎರಡನೇ ತಿಂಗಳಿನಿಂದ ಅವಳೂ ಅವರಷ್ಟೇ ಕೆಲಸ ಮಾಡುತ್ತಿದ್ದಳು.

ಇಂಥ ಕರಾರಿನಲ್ಲಿ ಗಮನಿಸಬೇಕಾದದ್ದು ಆರು ತಿಂಗಳು ಎಂಬ ದುಂಡು ಮೊತ್ತ. ಉದ್ಯೋಗದಾತರು ನಿಜವಾಗಿ ಖರ್ಚು ಮಾಡಿದ್ದನ್ನು ಕೇಳುವುದು ಬೇರೆ, ಬಿಟ್ಟು ಹೋದದ್ದಕ್ಕೆ ದಂಡ ವಸೂಲಿ ಮಾಡುವುದು ಬೇರೆ. ಕರಾರು ಕಾನೂನು ಬಹುಕಡೆ ಇವೆರಡನ್ನು ಪ್ರತ್ಯೇಕವಾಗಿಯೇ ನೋಡುತ್ತದೆ. ತರಬೇತಿ ಯಾರು ಕೊಟ್ಟರು, ಎಷ್ಟು ದಿನ, ಯಾವ ಬಾಬಿಗೆ ಎಷ್ಟು ಖರ್ಚಾಯಿತು, ದಯವಿಟ್ಟು ವಿವರ ಕೊಡಿ ಎಂದು ಅವಳ ಪರವಾಗಿ ಒಂದು ಪುಟದ ಪತ್ರ ಬರೆದೆ. ಉತ್ತರದಲ್ಲಿ ವಿವರ ಇರಲಿಲ್ಲ, ಹಣದ ಮಾತೂ ಇರಲಿಲ್ಲ. ಮೂಲ ಪ್ರತಿಗಳನ್ನು ಬಂದು ತೆಗೆದುಕೊಂಡು ಹೋಗಬಹುದು ಎಂದಷ್ಟೇ ಇತ್ತು. ಎಲ್ಲ ಪ್ರಕರಣಗಳೂ ಇಷ್ಟು ಸುಲಭವಾಗಿ ಮುಗಿಯುವುದಿಲ್ಲ, ಆದರೆ ಇಂಥ ಒಪ್ಪಂದಗಳನ್ನು ನ್ಯಾಯಾಲಯದಲ್ಲಿ ಗೆಲ್ಲಲೆಂದು ಬರೆದಿರುವುದು ಅಪರೂಪ. ಸಹಿ ಹಾಕಿದವರು ಹೆದರಿದರೆ ಸಾಕು, ಅದರ ಕೆಲಸ ಮುಗಿಯಿತು.

ಬಿಡಲಾಗದಿರುವುದರ ನಷ್ಟ ಆ ಎರಡು ವರ್ಷಕ್ಕೆ ನಿಲ್ಲುವುದಿಲ್ಲ. ಆರ್ಥಿಕ ಹಿಂಜರಿತದ ಕಾಲದಲ್ಲಿ ಪದವಿ ಮುಗಿಸಿ ಕೆಲಸಕ್ಕೆ ಸೇರಿದವರ ಗಳಿಕೆ ಹಲವು ವರ್ಷಗಳವರೆಗೆ ಹಿಂದೆ ಬೀಳುತ್ತದೆ ಎಂಬುದು ಬೇರೆ ಬೇರೆ ದೇಶಗಳ ಅಧ್ಯಯನಗಳಲ್ಲಿ ಕಂಡುಬಂದಿದೆ. ಕೆನಡಾದ ಪದವೀಧರರ ಕುರಿತ ಅಧ್ಯಯನವೊಂದರಲ್ಲಿ ಈ ಹಿನ್ನಡೆ ತುಂಬಿಕೊಳ್ಳಲು ಸುಮಾರು ಹತ್ತು ವರ್ಷ ಹಿಡಿದಿತ್ತು; ತುಂಬಿಕೊಂಡವರು ಮುಖ್ಯವಾಗಿ ಸಂಸ್ಥೆಯಿಂದ ಸಂಸ್ಥೆಗೆ, ಹೆಚ್ಚು ಸಂಬಳ ಕೊಡುವ ಕಡೆಗೆ ಹೋಗುತ್ತಾ ತುಂಬಿಕೊಂಡಿದ್ದರು. ಇಂಥ ಒಪ್ಪಂದ, ಅಂದರೆ ಬಾಂಡ್, ಕಟ್ಟಿಹಾಕುವುದು ಸರಿಯಾಗಿ ಈ ಕಾಲನ್ನೇ.

ವಲಸೆ ಕಾರ್ಮಿಕರ ವಿಷಯದಲ್ಲಿ ಬಾಂಡ್ ಬರೆಸಿಕೊಳ್ಳುವ ಅಗತ್ಯವೂ ಇಲ್ಲ, ಆ ಕೆಲಸವನ್ನು ಸಾಲವೇ ಮಾಡುತ್ತದೆ. ಏಜೆಂಟನಿಗೆ ಕೊಟ್ಟದ್ದು, ವೀಸಾ, ವೈದ್ಯಕೀಯ ತಪಾಸಣೆ, ಟಿಕೆಟ್ ಎಲ್ಲ ಸೇರಿ ಏಳು ತಿಂಗಳ ಸಂಬಳದಷ್ಟು ಸಾಲವಾಯಿತು ಎಂದಿಟ್ಟುಕೊಳ್ಳಿ. ಸಂಬಳದಲ್ಲಿ ಅರ್ಧ ಮನೆಗೆ, ಕಾಲು ಭಾಗ ಸ್ವಂತ ಖರ್ಚಿಗೆ, ಉಳಿದ ಕಾಲು ಸಾಲಕ್ಕೆ. ಬಡ್ಡಿಯನ್ನು ಬಿಟ್ಟರೂ ಸಾಲ ತೀರಲು 28 ತಿಂಗಳು ಬೇಕು. ಕರಾರು 24 ತಿಂಗಳಿನದು. ಈ ಲೆಕ್ಕ ಗೊತ್ತಿರುವ ಮಾಲೀಕ ಸಂಬಳ ತಡ ಮಾಡಬಹುದು, ಹೆಚ್ಚು ಹೊತ್ತು ದುಡಿಸಬಹುದು. ಆ ಮನುಷ್ಯ ಎಲ್ಲಿಗೂ ಹೋಗಲಾರ. ವಿಶ್ವಸಂಸ್ಥೆಯ ಸುಸ್ಥಿರ ಅಭಿವೃದ್ಧಿ ಗುರಿಗಳಲ್ಲೂ ಈ ವೆಚ್ಚವನ್ನು ಅಳೆಯುವುದು ಹೀಗೆಯೇ: ಕೆಲಸ ಪಡೆಯಲು ಕಾರ್ಮಿಕ ಮಾಡಿದ ಖರ್ಚು, ಹೋದ ದೇಶದಲ್ಲಿ ಅವನಿಗೆ ಸಿಗುವ ತಿಂಗಳ ಗಳಿಕೆಯ ಎಷ್ಟು ಪಾಲು ಎಂದು. ಹೊರಡುವ ಮೊದಲು ಮನೆಯಲ್ಲೇ ಕುಳಿತು ಮಾಡಬಹುದಾದ ಲೆಕ್ಕ ಇದು. ಏಜೆಂಟ್ ಹೇಳಿದ ಸಂಬಳವನ್ನು ನಂಬಿ ಮಾಡಬೇಡಿ, ಲಿಖಿತ ಕರಾರಿನಲ್ಲಿರುವ ಮೂಲ ವೇತನ ಹಿಡಿದು ಮಾಡಿ.

ಕಾನೂನು ಇದಕ್ಕೆ ಕುರುಡಾಗಿಲ್ಲ. ಕೆಲಸ ಪಡೆಯಲು ಅಥವಾ ಉಳಿಸಿಕೊಳ್ಳಲು ಮಾಲೀಕನಿಗೋ ಮಧ್ಯವರ್ತಿಗೋ ಕೊಡಬೇಕೆಂದು ಕೂಲಿಯಲ್ಲಿ ಹಣ ಮುರಿಯುವುದನ್ನು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 1949ರ ವೇತನ ಸಂರಕ್ಷಣಾ ಒಡಂಬಡಿಕೆಯೇ ನಿಷೇಧಿಸಿದೆ. ಕೆಲಸ ಕೊಡಿಸುವ ಖಾಸಗಿ ಏಜೆನ್ಸಿಗಳು ಕಾರ್ಮಿಕರಿಂದ ನೇರವಾಗಿಯೋ ಪರೋಕ್ಷವಾಗಿಯೋ ಶುಲ್ಕ ಪಡೆಯಬಾರದು ಎಂಬುದು ಅದೇ ಸಂಸ್ಥೆಯ 1997ರ ಒಡಂಬಡಿಕೆಯ ಸಾಮಾನ್ಯ ನಿಯಮ. ವಲಸೆ ಕಾರ್ಮಿಕರ ಹಕ್ಕುಗಳ ಕುರಿತ ವಿಶ್ವಸಂಸ್ಥೆಯ ಒಡಂಬಡಿಕೆ 1990ರಲ್ಲಿ ಅಂಗೀಕಾರವಾಗಿ 2003ರಲ್ಲಿ ಜಾರಿಗೆ ಬಂತು. ಕಾನೂನು ಅಧಿಕಾರ ಕೊಟ್ಟ ಸರ್ಕಾರಿ ಅಧಿಕಾರಿಯಲ್ಲದೆ ಬೇರೆ ಯಾರೂ ಕಾರ್ಮಿಕನ ಗುರುತಿನ ದಾಖಲೆ ಕಿತ್ತುಕೊಳ್ಳುವಂತಿಲ್ಲ ಎಂದು ಅದರ 21ನೇ ವಿಧಿ ಹೇಳುತ್ತದೆ. ತೊಡಕೆಂದರೆ, ಹೆಚ್ಚು ಕಾರ್ಮಿಕರನ್ನು ಕರೆಸಿಕೊಳ್ಳುವ ಶ್ರೀಮಂತ ದೇಶಗಳು ಇದಕ್ಕೆ ಸಹಿ ಹಾಕುವ ಗೋಜಿಗೆ ಹೋಗಿಲ್ಲ. ಹೀಗಾಗಿ ಆಯಾ ದೇಶದ ಸ್ವಂತ ಕಾನೂನನ್ನೇ ನೋಡಬೇಕಾಗುತ್ತದೆ. ನಾನು ಮೊದಲು ತೆರೆಯುವ ಪುಟ ವೀಸಾ ನಿಯಮದ್ದು: ಮಾಲೀಕನನ್ನು ಬದಲಿಸಲು ಹಳೆಯ ಮಾಲೀಕನ ಒಪ್ಪಿಗೆ ಬೇಕೇ? ಕತಾರ್ 2020ರಲ್ಲಿ ಆ ನಿರಾಕ್ಷೇಪಣಾ ಪತ್ರದ ಷರತ್ತನ್ನು ಕಾನೂನಿನಿಂದ ತೆಗೆಯಿತು. ಕಾನೂನಿನಿಂದ ಹೋದ ಷರತ್ತು ವ್ಯವಹಾರದಿಂದಲೂ ಹೋಯಿತೆಂದು ಯಾರೂ ಭಾವಿಸಬಾರದು. ಆದರೂ ಕನಿಷ್ಠ ವೇತನದ ಅಂಕಿಗಿಂತ ಈ ಒಂದು ಸಾಲಿನ ತೂಕ ಹೆಚ್ಚು ಎಂಬುದು ನನ್ನ ಅಭಿಪ್ರಾಯ.

ಕರಾರು ಬದಲಾಗುವ ಆಟವನ್ನೂ ಹೇಳಬೇಕು. ಊರಿನಲ್ಲಿ ಓದಿ ಸಹಿ ಹಾಕಿದ್ದು ಒಂದು. ತಲುಪಿದ ಮೇಲೆ ಗೊತ್ತಿಲ್ಲದ ಭಾಷೆಯಲ್ಲಿ ಮುಂದಿಡುವುದು ಇನ್ನೊಂದು. ಹುದ್ದೆ ಎಲೆಕ್ಟ್ರಿಷಿಯನ್ ಎಂದಿದ್ದದ್ದು ಸಹಾಯಕ ಎಂದಾಗಿರುತ್ತದೆ, ವಸತಿ ಉಚಿತ ಎಂದಿದ್ದದ್ದು ಕಡಿತದ ಸಾಲಿಗೆ ಸೇರಿರುತ್ತದೆ. ಹಿಂತಿರುಗಲು ಸಾಲ ಬಿಡುವುದಿಲ್ಲವಾದ್ದರಿಂದ ಎಲ್ಲರೂ ಸಹಿ ಹಾಕುತ್ತಾರೆ. ಮೊದಲ ಕರಾರಿನ ಪ್ರತಿ ಪುಟದ ಫೋಟೊ ಮನೆಯವರ ಮೊಬೈಲಿನಲ್ಲಿಯೂ ಇರಲಿ. ನಿಮ್ಮ ಮೊಬೈಲನ್ನೇ ಕಿತ್ತುಕೊಂಡ ಪ್ರಕರಣಗಳಿವೆ.

ದೂರು ಕೊಡಲು ಬಂದವರು ಎಡವುವ ಜಾಗ ಬೇರೆಯೇ ಇದೆ. ನಿಮ್ಮ ಮಾಲೀಕರು ಯಾರು ಎಂದು ಕೇಳಿದರೆ ಮೇಸ್ತ್ರಿಯ ಹೆಸರು ಹೇಳುತ್ತಾರೆ. ಮೇಸ್ತ್ರಿಯ ಮೇಲೆ ಒಬ್ಬ ಗುತ್ತಿಗೆದಾರ, ಅವನ ಮೇಲೆ ಇನ್ನೊಬ್ಬ, ಎಲ್ಲಕ್ಕಿಂತ ಮೇಲೆ ಒಂದು ದೊಡ್ಡ ಕಂಪನಿ. ಬಟವಾಡೆ ಮಾತ್ರ ಕೈಯಲ್ಲಿ, ರಶೀದಿಯಿಲ್ಲದೆ. ಸಂಬಳ ಚೀಟಿಯೇ ಇಲ್ಲದ ಇಂಥ ಕಡೆ ಗೇಟ್ ಪಾಸ್, ಹೆಲ್ಮೆಟ್ ಮೇಲಿನ ಕಂಪನಿಯ ಗುರುತು, ಪಾಳಿ ಬದಲಾದ ಬಗ್ಗೆ ಮೇಸ್ತ್ರಿ ಕಳಿಸಿದ ಸಂದೇಶ, ಇವೇ ಸಾಕ್ಷ್ಯ. ದಿನವೂ ಬಂದ ಹೊತ್ತು, ಹೋದ ಹೊತ್ತು ಬರೆದಿಟ್ಟ ಒಂದು ಚಿಕ್ಕ ಪುಸ್ತಕಕ್ಕೆ ವಿಚಾರಣೆಯಲ್ಲಿ ಎಷ್ಟು ಬೆಲೆಯಿದೆ ಎಂದರೆ, ಎದುರು ಪಕ್ಷದವರು ಹಾಜರಿ ಪುಸ್ತಕ ತರಲು ಹಿಂಜರಿದಾಗ ಅದೊಂದೇ ದಾಖಲೆಯಾಗಿ ಉಳಿಯುತ್ತದೆ. ಅದೇ ದಿನ ಬರೆದಿರಬೇಕು, ಒಂದೇ ಸಲಕ್ಕೆ ಕುಳಿತು ಆರು ತಿಂಗಳ ಲೆಕ್ಕ ಬರೆದರೆ ಶಾಯಿಯೇ ಹೇಳಿಬಿಡುತ್ತದೆ. ಸೇರಿದ ದಿನಾಂಕದ ಪುರಾವೆಯಂತೂ ಕಚೇರಿ ಕೆಲಸದವರಿಗೂ ಬೇಕು. ಎಷ್ಟೋ ಕಡೆ ನೇಮಕಾತಿ ಪತ್ರ ಸೇರಿದ ಮೂರು ತಿಂಗಳ ನಂತರ, ಪತ್ರ ಕೊಟ್ಟ ದಿನದ್ದೇ ತಾರೀಖಿನೊಂದಿಗೆ ಬರುತ್ತದೆ.

ಕೊನೆಯದಾಗಿ, ಕಾಲ. ಬಾಕಿ ಕೂಲಿ ಕೇಳಲು ಒಂದೊಂದು ದೇಶದಲ್ಲಿ ಒಂದೊಂದು ಗಡುವು. ಕೆಲಸ ಹೋದ ವಲಸೆ ಕಾರ್ಮಿಕನ ವೀಸಾ ಅವಧಿ ಮೊಕದ್ದಮೆಗಿಂತ ಮೊದಲೇ ಮುಗಿಯುವುದು ಸಾಮಾನ್ಯ. ಎದುರು ಪಕ್ಷದ ವಕೀಲರು ಮುಂದೂಡಿಕೆ ಕೇಳುವುದೂ ಇದನ್ನು ತಿಳಿದೇ. ಆದ್ದರಿಂದ ಊರಿಗೆ ಹೊರಡುವ ಮೊದಲು ದೂರು ದಾಖಲಿಸಿ ಅದರ ಸಂಖ್ಯೆ ಪಡೆಯಿರಿ. ಅಲ್ಲೇ ಉಳಿಯುವ ನಂಬಿಕಸ್ತರೊಬ್ಬರಿಗೋ ಕಾರ್ಮಿಕ ಸಂಘಟನೆಗೋ ನಿಮ್ಮ ಪರ ನಡೆಸಲು ಅಧಿಕಾರ ಪತ್ರ ಬರೆದುಕೊಡಿ. ಹೇಳಿಕೆಯನ್ನು ವಿಡಿಯೊ ಮೂಲಕ ಕೊಡಲು ಅವಕಾಶವಿದೆಯೇ ಎಂದು ದೂರಿನ ದಿನವೇ ವಿಚಾರಿಸಿ. ಲೆಕ್ಕ ಚುಕ್ತಾ ಆಗಿದೆ ಎಂಬ ಕಾಗದವನ್ನು ವಿಮಾನ ನಿಲ್ದಾಣದ ಬಾಗಿಲಿನಲ್ಲಿ ಮುಂದಿಟ್ಟು ಸಹಿ ಕೇಳಿದರೆ, ಕೈಗೆ ಬಂದ ಮೊತ್ತವನ್ನು ಅಂಕಿಯಲ್ಲೂ ಅಕ್ಷರದಲ್ಲೂ ಬರೆದು, ಅದರ ಕೆಳಗೆ ‘ಬಾಕಿಯ ಹಕ್ಕು ಉಳಿಸಿಕೊಂಡು’ ಎಂದು ನಿಮ್ಮ ಭಾಷೆಯಲ್ಲೇ ಬರೆದು ಸಹಿ ಹಾಕಿ, ಆ ಕಾಗದದ ಫೋಟೊ ತೆಗೆದುಕೊಳ್ಳಿ.